ಬಟನ್‌ಗಳು ಜಾಗ ಬಿಟ್ಟ ತಿಂಗಳು

ಜೂನ್ ೯, ೨೦೦೮, ಸೋಮವಾರ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತಕ್ಷರ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಇವತ್ತಿಗೂ ಅನುಮಾನ. ಇದನ್ನು ಓದುವವರು ಯಾರೂ ಇಲ್ಲವಾದ್ದರಿಂದ ಕ್ಷಮೆಯನ್ನು ನನ್ನ ಹತ್ತಿರವೇ ಕೇಳಬೇಕು. ಶರಣಮ್ಮ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನೀನು, ಇಷ್ಟು ಬರೆದರೆ ಸಾಕು. ಇವತ್ತು ಬರೆಯದೆ ಇದ್ದರೆ ಆಗುವುದಿಲ್ಲ. ಈ ಸಿಟ್ಟನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಮೊದಲ ದಿನವಾದ್ದರಿಂದ ಎಲ್ಲವನ್ನೂ ಬರೆದಿಡುತ್ತೇನೆ. ನಮ್ಮ ಆಫೀಸು ಬಿಟಿಎಂ ಎರಡನೇ ಹಂತದಲ್ಲಿ ಒಂದು ಬೇಕರಿಯ ಮೇಲಿದೆ. ಎರಡು ಕೋಣೆ, ಮೂರು ಕಂಪ್ಯೂಟರು. ಸುಭಾಷ್ ಸಾರ್ ಯಜಮಾನರು. ಅವರಿಗೆ ಕೆಲವು ವೆಬ್‌ಸೈಟ್‌ಗಳಿವೆ. ಅವುಗಳಲ್ಲಿ ಹೂವಿನ ಅಂಗಡಿ, ಪುಸ್ತಕದ ಅಂಗಡಿ, ಮೊಬೈಲ್ ಅಂಗಡಿಗಳ ಜಾಹೀರಾತು ಇರುತ್ತದೆ. ಓದುವವರು ನಮ್ಮ ಲಿಂಕ್ ಒತ್ತಿ ಆ ಅಂಗಡಿಗೆ ಹೋಗಿ ಏನಾದರೂ ಕೊಂಡರೆ ನಮಗೊಂದು ಪಾಲು. ನಮಗೂ ಅಂಗಡಿಗಳಿಗೂ ನಡುವೆ ಒಂದು ಕಂಪನಿ ಇದೆ, ಅದನ್ನು ನೆಟ್‌ವರ್ಕ್ ಎನ್ನುತ್ತಾರೆ. ಅವರ ಪುಟಕ್ಕೆ ಡ್ಯಾಶ್‌ಬೋರ್ಡ್ ಎಂದು ಹೆಸರು. ದಿನಾ ಬೆಳಿಗ್ಗೆ ಅದರೊಳಗೆ ಹೋಗಿ, ಹೊಸ ಲಿಂಕುಗಳನ್ನು ಎತ್ತಿಕೊಂಡು ಬಂದು ನಮ್ಮ ಪುಟದಲ್ಲಿ ಅಂಟಿಸುವುದು ನನ್ನ ಕೆಲಸ.

ಮೊದಲು ನಾನು ಇಲ್ಲಿ ಕಸ ಹೊಡೆದು ಟೀ ಮಾಡುತ್ತಿದ್ದೆ. ಯುಗಾದಿಯ ಹೊತ್ತಿಗೆ ಈ ಕುರ್ಚಿಯಲ್ಲಿದ್ದ ಹುಡುಗಿ ಮದುವೆಯಾಗಿ ಹೋದಳು. ಸಾರ್ ನನ್ನನ್ನು ಕೂರಿಸಿದರು. ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿದೆ. "ಇದು ಓದೋ ಕೆಲಸ ಅಲ್ಲಮ್ಮ, ಒತ್ತೋ ಕೆಲಸ" ಎಂದರು. ನಿಜವೇ. ಕಿತ್ತಳೆ ಬಣ್ಣದ ಚೌಕ, ಅದರಿಂದ ಕೆಳಗೆ ಮೂರನೆಯದು, ಆಮೇಲೆ ಬಲತುದಿಯ ಹಸಿರು. ಮರೆಯದ ಹಾಗೆ ಮಾನಿಟರಿನ ಗಾಜಿನ ಮೇಲೆ ಎಲ್ಲೆಲ್ಲಿ ಒತ್ತಬೇಕೋ ಅಲ್ಲಲ್ಲಿ ನನ್ನ ಹಣೆಯ ಟಿಕಲಿಗಳನ್ನೇ ಅಂಟಿಸಿದ್ದೆ. ಪಕ್ಕದ ಕುರ್ಚಿಯ ಇಂದ್ರಾಣಿ, "ನಿನ್ನ ಕಂಪ್ಯೂಟರ್‌ಗೆ ಮದುವೆ ಆಗ್ಹೋಗಿದೆ ಬಿಡು" ಎಂದು ನಗುತ್ತಿದ್ದಳು. ಅವಳು ಬಿ.ಎ. ಓದಿದವಳು. ವಿಲ್ಸನ್ ಗಾರ್ಡನ್‌ನಿಂದ ಬರುತ್ತಾಳೆ, ವೆಬ್‌ಸೈಟಿನ ಲೇಖನಗಳನ್ನು ಬರೆಯುತ್ತಾಳೆ.

ಇವತ್ತು ಪುಟ ತೆರೆದರೆ ಎಲ್ಲವೂ ಬೇರೆ. ಕಿತ್ತಳೆ ಇಲ್ಲ, ಹಸಿರೂ ಇಲ್ಲ. ಎಲ್ಲಾ ಬಿಳಿ, ನಡುನಡುವೆ ನೀಲಿ. ನನ್ನ ಟಿಕಲಿಗಳು ಖಾಲಿ ಜಾಗವನ್ನು ತೋರಿಸುತ್ತಾ ನಿಂತಿದ್ದವು. ಬೇರೆ ಯಾವುದೋ ಪುಟಕ್ಕೆ ಬಂದೆನೇನೋ ಎಂದು ಮುಚ್ಚಿ ತೆರೆದೆ, ಮುಚ್ಚಿ ತೆರೆದೆ.

ಸಾರ್ ಹಿಂದೆ ಬಂದು ನಿಂತರು. "ಓ, ಹೊಸ ಲುಕ್ಕಾ? ಸಖತ್ತಾಗಿದೆ ಅಲ್ವಾ?"

ಹೌದು ಎಂದು ತಲೆಯಾಡಿಸಿದೆ. ಮನಸ್ಸಿನಲ್ಲಿ ಏನಂದೆನೋ ಅದನ್ನು ಇಲ್ಲಿಯೂ ಬರೆಯಲಾರೆ.

ಜೂನ್ ೧೦, ಮಂಗಳವಾರ

ಇಂದ್ರಾಣಿ ತೋರಿಸಿಕೊಟ್ಟಳು. "ಇಲ್ಲಿ ಒತ್ತು, ಇಲ್ಲಿ ಬರುತ್ತೆ, ಆಮೇಲೆ ಇಲ್ಲಿ, ಅಷ್ಟೇ ಗುರು." ಅವಳ ಕೈ ಓಡುವಷ್ಟು ಬೇಗ ನನ್ನ ಕಣ್ಣು ಓಡಲಿಲ್ಲ. ಇನ್ನೊಂದು ಸಲ ತೋರಿಸು ಎಂದು ಕೇಳುವ ಹೊತ್ತಿಗೆ ಅವಳು ತನ್ನ ಕೆಲಸಕ್ಕೆ ತಿರುಗಿದ್ದಳು. ಹೊಸ ಜಾಗ ನೋಡಿ ಟಿಕಲಿಗಳನ್ನು ಕಿತ್ತು ಅಂಟಿಸಿದೆ. ಮಧ್ಯಾಹ್ನದವರೆಗೆ ಸರಿಯಾಗಿತ್ತು.

ಊಟ ಮಾಡಿ ಬಂದು ನೋಡಿದರೆ ಪುಟದ ಮೇಲೆ ಹಳದಿ ಬಣ್ಣದ ಒಂದು ಪಟ್ಟಿ ಬಂದು ಕೂತಿತ್ತು. ಏನೋ ಸುದ್ದಿಯಂತೆ. ಅದು ಬಂದರೆ ಕೆಳಗಿನದೆಲ್ಲ ಎರಡು ಬೆರಳಿನಷ್ಟು ಜಾರುತ್ತದೆ, ಹೋದರೆ ಮೇಲಕ್ಕೆ ಹತ್ತುತ್ತದೆ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ. ಈ ಪುಟ ಮಾಡಿದವರಿಗೆ ಒಂದು ಕಡೆ ಕೂತು ಅಭ್ಯಾಸವೇ ಇಲ್ಲವೇನೋ.

ಮನೆಗೆ ಬಂದ ಮೇಲೆ ಹನಮಂತಣ್ಣ ಕೇಳಿದ. ಅವನು ನೀರಿನ ಕ್ಯಾನ್ ಹಾಕುವ ಟೆಂಪೋ ಓಡಿಸುತ್ತಾನೆ. ಊರಿಂದ ನನ್ನನ್ನು ಕರೆದುಕೊಂಡು ಬಂದವನು ಅವನೇ.

"ಯಾಕ, ಮಾರಿ ಇಷ್ಟ ಸಣ್ಣದ ಮಾಡೀ?"

"ಕಂಪ್ಯೂಟರ್‌ದಾಗ ಎಲ್ಲಾ ಜಾಗಾ ಬದಲ್ ಆಗೇತಿ."

"ಅಷ್ಟs ಏನ? ನಮ್ಮ ಏರಿಯಾದಾಗ ರೋಡs ಬದಲ್ ಆಗ್ತಾವು, ದಿನಾ ಒಂದು ವನ್ ವೇ. ನಾ ಏನ್ ಅಳಾಕತ್ತೀನೇನ?"

ಅವನಿಗೆ ರಸ್ತೆ ತಪ್ಪಿದರೆ ಯಾರನ್ನಾದರೂ ಕೂಗಿ ಕೇಳುತ್ತಾನೆ. ನನಗೆ ಆ ಗಂಟಲಿಲ್ಲ.

ಜೂನ್ ೧೩, ಶುಕ್ರವಾರ

ಭಾನುವಾರ ಅಪ್ಪಂದಿರ ದಿನವಂತೆ. ಹೂವು ಮತ್ತು ಕೇಕು ಮನೆಗೆ ಕಳಿಸುವ ಅಂಗಡಿಯೊಂದಿದೆ. ನಮಗೆ ಬರುವ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದರಿಂದಲೇ. ಇಂದ್ರಾಣಿ ವಾರದಿಂದ ಅಪ್ಪಂದಿರ ಬಗ್ಗೆ ಬರೆಯುತ್ತಿದ್ದಾಳೆ. ಸಾರ್ ನಾಲ್ಕು ಸಲ ಬಂದು, "ಆ ಹೂವಿನಂಗಡಿ ಲಿಂಕ್ ಹುಷಾರು" ಎಂದು ಹೇಳಿ ಹೋದರು.

ಹಳದಿ ಪಟ್ಟಿ ಇವತ್ತೂ ಇತ್ತು. ಹೂವಿನಂಗಡಿಯ ಸಾಲಿನಲ್ಲಿ ಟಿಕಲಿ ಇದ್ದ ಕಡೆಯೇ ಒತ್ತಿದೆ. ಒಂದು ಡಬ್ಬಿ ಬಂದು ಏನನ್ನೋ ಕೇಳಿತು. ಅದರಲ್ಲಿ ಎರಡು ಬಟನ್, ಒಂದು ಬೂದಿ ಬಣ್ಣ, ಒಂದು ನೀಲಿ. ಹಳೆಯ ಪುಟದಲ್ಲಿಯೂ ಹೀಗೆ ಕೇಳುತ್ತಿತ್ತು, ಬಣ್ಣ ಇದ್ದದ್ದನ್ನು ಒತ್ತಿದರೆ ಮುಗಿಯುತ್ತಿತ್ತು. ನೀಲಿಯನ್ನು ಒತ್ತಿದೆ, ಡಬ್ಬಿ ಹೋಯಿತು. ಹೊಸ ಲಿಂಕು ಮಾತ್ರ ಕಾಣಲಿಲ್ಲ. ನಮ್ಮ ಪುಟದಲ್ಲಿ ನಿನ್ನೆಯ ಲಿಂಕು ಇತ್ತಲ್ಲ, ಅದನ್ನೇ ಬಿಟ್ಟೆ. ಒಂದು ದಿನಕ್ಕೆ ಹೂವೇನೂ ಬಾಡುವುದಿಲ್ಲ.

ಅಣ್ಣನಿಗೆ ಅಪ್ಪಂದಿರ ದಿನದ ಸಂಗತಿ ಹೇಳಿದೆ. "ನಮ್ಮಪ್ಪಗ ಕೇಕ್ ಕಳಿಸಿದ್ರ ಎಮ್ಮಿಗೆ ಹಾಕತಾನ. ಹೂವಾ ಕಳಿಸಿದ್ರ ಯಾರು ಸತ್ತಾರ ಅಂತ ಫೋನ್ ಮಾಡ್ತಾನ" ಎಂದ. ಈ ವಾರದಲ್ಲಿ ನಾನು ನಕ್ಕಿದ್ದು ಇದೊಂದೇ ಸಲ.

ಜೂನ್ ೧೬, ಸೋಮವಾರ

ಹೇಗೆ ಬರೆಯಲಿ.

ಬೆಳಿಗ್ಗೆ ಸಾರ್ ಬಂದವರೇ ಚಪ್ಪಲಿ ಬಿಡದೆ ಒಳಗೆ ನುಗ್ಗಿದರು. "ಯಾರ್ರೀ ಇದು ಮಾಡಿದ್ದು? ನಾವೇ ಹೂವಿನಂಗಡಿನ ಬಿಟ್ಟುಬಿಟ್ಟಿದ್ದೀವಿ ಅಂತ ತೋರಿಸ್ತಿದೆ! ಶುಕ್ರವಾರದಿಂದ ಒತ್ತಿದವರೆಲ್ಲಾ ಖಾಲಿ ಪುಟಕ್ಕೆ ಹೋಗಿದ್ದಾರೆ!"

"ನಾನು ಮುಟ್ಟಿಲ್ಲ ಸಾರ್" ಎಂದಳು ಇಂದ್ರಾಣಿ.

ಇಬ್ಬರೂ ನನ್ನ ಮಾನಿಟರನ್ನು ನೋಡಿದರು. ಹಳದಿ ಪಟ್ಟಿಗೆ ಎಲ್ಲ ಜಾರಿ, ಟಿಕಲಿಯ ಕೆಳಗೆ ಬಂದಿದ್ದದ್ದು ಅಂಗಡಿಯನ್ನು ಬಿಟ್ಟುಬಿಡುವ ಬಟನ್ನಂತೆ. ಡಬ್ಬಿ ಕೇಳಿದ್ದು, ನಿಜವಾಗಿಯೂ ಬಿಡುತ್ತೀರಾ ಎಂದಂತೆ. ನೀಲಿ ಒತ್ತಿ ಹೌದು ಎಂದವಳು ನಾನು.

"ನಾನs ಒತ್ತಿದ್ದು ಸಾರ್." ಅದು ಅವರಿಗೆ ಕೇಳಿಸಿತೋ ಇಲ್ಲವೋ.

"ನೋಡಮ್ಮಾ, ನೀನು ಒಳ್ಳೇ ಹುಡುಗಿ. ಆದ್ರೆ ಆ ಒಳ್ಳೇತನ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ? ಒಂದನೇ ತಾರೀಖಿಂದ ಪ್ರಿಯಾಂಕಾ ಅಂತ ಒಬ್ಬಳು ಬರ್ತಾಳೆ, ಬಿ.ಕಾಂ. ನೀನು ಮೊದಲಿನ ತರ ಟೀ, ಕ್ಲೀನಿಂಗು ನೋಡ್ಕೊ."

"ಸಾರ್, ತಿಂಗಳು ಮುಗಿಯೋವರ್ಗಾದ್ರೂ ನೋಡಿ. ಹೊಸ ಪುಟ ನನಗೇ ಸರಿಯಾಗಿ ಅರ್ಥ ಆಗ್ತಿಲ್ಲ" ಎಂದಳು ಇಂದ್ರಾಣಿ.

ಸಾರ್ ಆಗ ಚಪ್ಪಲಿ ಬಿಟ್ಟರು. "ಸರಿ. ಆ ಅಂಗಡಿ ವಾಪಸ್ ಬರ್ಲಿ, ಪುಟ ಅರ್ಥ ಆಗ್ಲಿ. ಆಮೇಲೆ ಮಾತಾಡೋಣ."

ಆ ಕುರ್ಚಿಯ ಮೇಲೆ ಕೂತ ಮೇಲೆಯೇ ಇಲ್ಲಿ ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದ್ದು. ಅದಕ್ಕೆ ಮೊದಲು ನಾನು "ಏ, ಇಲ್ಲಿ ಬಾ" ಆಗಿದ್ದೆ. ಪೊರಕೆ ಹಿಡಿಯಲು ನನಗೆ ನಾಚಿಕೆಯಿಲ್ಲ. ಮತ್ತೆ "ಏ" ಆಗಲು ಮಾತ್ರ ಮನಸ್ಸಿಲ್ಲ.

ಜೂನ್ ೧೭, ಮಂಗಳವಾರ

ಹಾಳು ಪುಟ. ಹಾಳು ನೀಲಿ. ಬರೆಯಲು ಮನಸ್ಸಿಲ್ಲ.

ಜೂನ್ ೧೯, ಗುರುವಾರ

ಟಿಕಲಿಗಳನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಗಾಜಿನ ಮೇಲೆ ಉಳಿದ ಅಂಟನ್ನು ಸೀಮೆಎಣ್ಣೆ ಹಚ್ಚಿ ಒರೆಸಿದೆ. ಮಾನಿಟರು ಬೋಳುಬೋಳಾಗಿ ಕಂಡಿತು.

ಬಟನ್ ಓಡಾಡಿದರೂ ಅದರ ಮೇಲಿನ ಹೆಸರು ಅದರ ಜೊತೆಗೇ ಓಡುತ್ತದಲ್ಲ. ಹಾಗಾದರೆ ಹೆಸರನ್ನೇ ಹಿಡಿಯಬೇಕು. ಇಷ್ಟು ಹೊಳೆಯಲು ಹತ್ತು ದಿನ ಬೇಕಾಯಿತು. ಆದರೆ ಶಾಲೆಯಲ್ಲಿ ನನಗೆ ಕಲಿಸಿದ್ದು ದೊಡ್ಡ ಎಬಿಸಿಡಿ ಮಾತ್ರ. ಸಣ್ಣ ಅಕ್ಷರಕ್ಕೆ ಬರುವಷ್ಟರಲ್ಲಿ ಇಂಗ್ಲಿಷಿನ ಮೇಷ್ಟರಿಗೆ ವರ್ಗವಾಗಿ, ಬೇರೆಯವರು ಬರಲೇ ಇಲ್ಲ. ಈ ಪುಟದಲ್ಲಿರುವುದೆಲ್ಲ ಸಣ್ಣದೇ. ದೊಡ್ಡ ಜಿಗೂ ಸಣ್ಣ ಜಿಗೂ ಒಂದು ಚೂರೂ ಸಂಬಂಧವಿಲ್ಲ. ತಾಯಿಯ ಮುಖ ಮಗುವಿಗೆ ಬಂದಿಲ್ಲದ ಹಾಗೆ.

ಇಂದ್ರಾಣಿಯನ್ನು ಕೇಳಿದೆ. ಎರಡು ಸಲ ಬಾಯಿ ತೆರೆದು ಮುಚ್ಚಿ ಮೂರನೆಯ ಸಲ ಕೇಳಿದೆ. ಅವಳು ಒಂದು ಹಾಳೆಯ ಮೇಲೆ ದೊಡ್ಡದು, ಸಣ್ಣದು ಪಕ್ಕಪಕ್ಕ ಬರೆದುಕೊಟ್ಟಳು. "ಮೊದಲೇ ಕೇಳೋಕೆ ಏನಾಗಿತ್ತು ನಿನಗೆ?" ಎಂದು ಬೈದಳು.

ಏನಾಗಿತ್ತು ಎಂದು ನನಗೂ ಗೊತ್ತಿಲ್ಲ.

ಜೂನ್ ೨೩, ಸೋಮವಾರ

ಮನೆಯಿಂದ ಆಫೀಸಿಗೆ ನಡೆಯುವಾಗ ಅಂಗಡಿಗಳ ಬೋರ್ಡು ಓದುತ್ತಾ ಹೋಗುತ್ತೇನೆ. ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ಒಂದೇ ಹೆಸರು. ಕನ್ನಡವನ್ನು ಕೈಯಿಂದ ಮುಚ್ಚಿಕೊಂಡು ಮೊದಲು ಇಂಗ್ಲಿಷು ಓದುವುದು, ಆಮೇಲೆ ಕೈ ತೆಗೆದು ನೋಡುವುದು. ಮೆಡಿಕಲ್ಸ್ ಮುಂದೆ ಗಾಳಿಯಲ್ಲಿ ಕೈ ಎತ್ತಿ ನಿಂತಿದ್ದಾಗ ಒಳಗಿನ ಅಂಕಲ್, "ಏನಮ್ಮಾ, ಆಶೀರ್ವಾದ ಮಾಡ್ತಿದ್ದೀಯಾ?" ಎಂದರು. ಮುಖ ಬಿಸಿಯಾಯಿತು. ನಾಳೆ ಎದುರು ಬದಿಯಲ್ಲಿ ನಡೆಯಬೇಕು.

ಡ್ಯಾಶ್‌ಬೋರ್ಡಿನಲ್ಲಿ ಈಗ ಕೆಲವು ಪದಗಳು ಗುರುತು ಸಿಗುತ್ತವೆ. ಲಿಂಕ್ ಎಂಬುದು ಸಿಗುತ್ತದೆ. ಸೇರುವುದಕ್ಕೆ ಜಾಯಿನ್, ಬಿಡುವುದಕ್ಕೆ ಲೀವ್. ಈ ಎರಡನೆಯದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೂಲೆಯಲ್ಲಿ ಹೆಲ್ಪ್ ಎಂಬುದೊಂದಿದೆ. ಉಳಿದದ್ದೆಲ್ಲ ಇನ್ನೂ ಇರುವೆಯ ಸಾಲು. ಒಂದು ಲಿಂಕ್ ಎತ್ತಲು ಮೊದಲಿಗಿಂತ ಮೂರು ಪಟ್ಟು ಹೊತ್ತು ಬೇಕು. ತಲೆ ನೋಯುತ್ತದೆ.

ಇವತ್ತು ಸಾರ್‌ಗೂ ಸಿಟ್ಟು ಬಂದಿತ್ತು. ನಿನ್ನೆ ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಯಾವ ಮೂಲೆಗೆ ಹೋಗಿದೆಯೋ ಸಿಗಲಿಲ್ಲ. "ಚೆನ್ನಾಗಿದ್ದಿದ್ದನ್ನ ಹಾಳು ಮಾಡೋಕೆ ಸಂಬಳ ಕೊಡ್ತಾರಲ್ಲ ಇವರಿಗೆ!" ಎಂದು ಮೌಸ್ ಕುಕ್ಕಿದರು. ಅವತ್ತು ಸಖತ್ತಾಗಿದೆ ಎಂದವರು ಇವರೇ.

ಹೂವಿನಂಗಡಿಗೆ ಸಾರ್ ಮತ್ತೆ ಸೇರಲು ಅರ್ಜಿ ಹಾಕಿದ್ದರು. ಬೇಡ ಎಂದು ಬಂದಿದೆ. ಒಮ್ಮೆ ತಾವಾಗಿ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲವಂತೆ. ಸಾರ್ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೨೫, ಬುಧವಾರ

ಇಂದ್ರಾಣಿಗೆ ಜ್ವರ, ಬರಲಿಲ್ಲ. ಸಾರ್ ಜಯನಗರಕ್ಕೆ ಯಾರನ್ನೋ ನೋಡಲು ಹೋಗಿದ್ದರು. ಆಫೀಸಿನಲ್ಲಿ ನಾನೊಬ್ಬಳೇ.

ಹೆಲ್ಪ್ ಒತ್ತಿ ನೋಡಿದೆ. ಒಂದು ಫೋನ್ ನಂಬರ್ ಇತ್ತು. ಅಂಕಿ ಓದಲು ನನಗೇನೂ ಕಷ್ಟವಿಲ್ಲ. ಫೋನಿನ ಮುಂದೆ ತುಂಬ ಹೊತ್ತು ಕೂತಿದ್ದೆ. ಒಮ್ಮೆ ಒತ್ತಿ, ಆ ಕಡೆ ಗಂಟೆ ಬಾರಿಸುವ ಮೊದಲೇ ಇಟ್ಟುಬಿಟ್ಟೆ. ಆಮೇಲೆ ಒಂದನೇ ತಾರೀಖು ನೆನಪಾಯಿತು, ಮತ್ತೆ ಒತ್ತಿದೆ.

ಆ ಕಡೆಯವನು ಇಂಗ್ಲಿಷಿನಲ್ಲಿ ಶುರು ಮಾಡಿದ. ಕನ್ನಡ ಸಾರ್, ಎಂದೆ. ತಕ್ಷಣ, "ಹೇಳಿ ಮೇಡಂ, ತಿರುಮಲೇಶ ಮಾತಾಡೋದು" ಎಂದ. ನನಗೆ ಯಾರೂ ಮೇಡಂ ಎಂದಿಲ್ಲ. ಸಾರ್ ಹೆಸರು, ವೆಬ್‌ಸೈಟಿನ ಹೆಸರು, ಹೂವಿನಂಗಡಿಯ ಸಂಗತಿ ಹೇಳಿದೆ.

"ನೀವೇ ಆ ಅಂಗಡಿನ ಬಿಟ್ಟಿದ್ದೀರಲ್ಲ ಮೇಡಂ. ಕನ್ಫರ್ಮ್ ಕೂಡ ಮಾಡಿದ್ದೀರಿ."

"ಬೇಕಂತ ಬಿಟ್ಟಿಲ್ಲರಿ. ನಿಮ್ಮ ಪುಟದಾಗ ಸೇರೂ ಬಟನ್ನೂ ನೀಲಿ, ಬಿಡೂ ಬಟನ್ನೂ ನೀಲಿ. ಹಂಗ್ಯಾಕ ಮಾಡೀರಿ? ಬಾಗಲಕ್ಕೂ ಬಾವಿಗೂ ಒಂದs ಬಣ್ಣಾ ಹೊಡದಂಗಾತು. ಮ್ಯಾಲೆ ಆ ಹಳದಿ ಪಟ್ಟಿ ಬ್ಯಾರೆ, ಬಂತಂದ್ರ ಎಲ್ಲಾ ಕೆಳಗ ಜಾರತೈತಿ. ಮಂದಿ ಎಲ್ಲಿ ಒತ್ತಬೇಕ್ರಿ?"

"ಡಿಸೈನ್ ಮಾಡಿದ್ದು ನಾನಲ್ಲ ಮೇಡಂ. ಬೈಸ್ಕೊಳ್ಳೋದು ಮಾತ್ರ ನಾನು. ಎರಡು ವಾರದಿಂದ ಇದೇ ಆಗಿದೆ."

"ಹಂಗಾರ ಮಾಡಿದವರನ್ನ ಕರೀರಿ."

"ಅವರು ಬಾಂಬೇಲಿದ್ದಾರೆ. ನಾನಿಲ್ಲಿ ಗಿರಿನಗರದವನು, ನನ್ನನ್ನ ಬಿಟ್ಟುಬಿಡಿ." ಅವನು ನಗುತ್ತಿದ್ದ. ಆಮೇಲೆ ಒಂದು ದಾರಿ ಹೇಳಿದ. ಅಂಗಡಿಯ ಸಾಲಿನಲ್ಲಿ ಅರ್ಜಿಯನ್ನು ಮತ್ತೊಮ್ಮೆ ಹಾಕಬೇಕು, ಯಾಕೆ ಬಿಟ್ಟಿರಿ ಎಂದು ಕೇಳುವ ಡಬ್ಬಿಯಲ್ಲಿ ಕಾರಣ ಬರೆಯಬೇಕು, ಅದನ್ನು ತೋರಿಸಿ ಅವನು ಅಂಗಡಿಯವರ ಹತ್ತಿರ ಮಾತಾಡುತ್ತಾನೆ.

"ನನಗ ಇಂಗ್ಲಿಷ್ ಬರೂದಿಲ್ಲ. ನೀವು ಒಂದೊಂದs ಅಕ್ಷರ ಹೇಳ್ರಿ, ನಾ ಒತ್ತತೀನಿ."

ಕೀಬೋರ್ಡಿನ ಮೇಲೆ ಇರುವುದು ದೊಡ್ಡ ಅಕ್ಷರವಲ್ಲವೇ, ಅವು ನನಗೆ ಗೊತ್ತು. ಅವನು ಹೇಳಿದ, ನಾನು ಹುಡುಕಿ ಹುಡುಕಿ ಒತ್ತಿದೆ. ಬಣ್ಣ ಒಂದೇ ಇದ್ದುದರಿಂದ ತಪ್ಪು ಬಟನ್ ಒತ್ತಿದೆವು ಎಂದು ಅದರ ಅರ್ಥವಂತೆ. ಕೊನೆಗೆ, "ಈಗ ಸಾರಿ ಅಂತ ಹಾಕಿ. ಎಸ್, ಓ..." ಎಂದ.

"ಅದು ಬ್ಯಾಡ್ರಿ. ತಪ್ಪು ಅರ್ಧಾ ನಿಮ್ದು ಐತಿ."

"ಸರಿ ಮೇಡಂ, ಬೇಡ" ಎಂದ.

ಫೋನ್ ಇಟ್ಟ ಮೇಲೆ ನೋಡಿದರೆ ರವಿಕೆಯ ಬೆನ್ನು ಒದ್ದೆಯಾಗಿತ್ತು. ಅವನು ನಿಜವಾಗಿ ಮಾತಾಡುತ್ತಾನೋ, ಸುಮ್ಮನೆ ಸಾಗಹಾಕಿದನೋ. ಅದರ ಮೇಲೆ ನಾನು ನಮ್ಮ ಊರಿನ ಮಾತಿನಲ್ಲೇ ಮಾತಾಡಿಬಿಟ್ಟೆ.

ಜೂನ್ ೨೮, ಶನಿವಾರ

ಹೂವಿನಂಗಡಿ ಸೇರಿಸಿಕೊಂಡಿದೆ. ಸಾಲಿನ ಮುಂದೆ ಹಸಿರು ಗುರುತು ಬಂದಿತ್ತು. ಮೂರು ಸಲ ಓದಿದ ಮೇಲೆ ಸಾರ್‌ಗೆ ಹೇಳಿದೆ.

"ಹಾಂ, ಬಂತಾ? ಗುಡ್ ಗುಡ್" ಎಂದು ಮೊಬೈಲು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಕುರ್ಚಿಯ ಮಾತೇ ಎತ್ತಲಿಲ್ಲ. ಒಂದನೇ ತಾರೀಖಿನ ಮಾತನ್ನೂ ಎತ್ತಲಿಲ್ಲ. ಇಂದ್ರಾಣಿ, "ಕೇಳೇ" ಎಂದು ಕಣ್ಸನ್ನೆ ಮಾಡಿದಳು. ಸಂಜೆಯವರೆಗೂ ಕೇಳಲಾಗಲಿಲ್ಲ. ಪುಟದ ಮೇಲಿನ ಸಿಟ್ಟು ಈಗ ನನ್ನ ಮೇಲೆಯೇ ತಿರುಗಿದೆ.

ಜೂನ್ ೩೦, ಸೋಮವಾರ

ಮಧ್ಯಾಹ್ನ ಸಾರ್ ಊಟದ ಡಬ್ಬಿ ತೆರೆಯುವಾಗ ಹೋಗಿ ನಿಂತೆ.

"ಸಾರ್, ನಾಳೆ ಆ ಹುಡುಗಿ ಬರ್ತಾರಾ?"

"ಹೂಂ, ಬರ್ತಾಳೆ. ಹೇಳ್ಬಿಟ್ಟಿದ್ದೀನಲ್ಲ, ಬೇಡ ಅನ್ನೋಕಾಗುತ್ತಾ? ನೀನು ಮೊದಲಿನ ತರ..."

"ಅವರು ಬರ್ಲಿ ಸಾರ್. ನಾನು ಏಳಲ್ಲ."

"ಏನಂದೆ?"

"ಏಳಲ್ಲ ಅಂದೆ. ಅಂಗಡಿ ವಾಪಸ್ ಬರ್ಲಿ, ಪುಟ ಅರ್ಥ ಆಗ್ಲಿ ಅಂತ ನೀವೇ ಹೇಳಿದ್ದು. ಅಂಗಡಿ ಬಂದೈತಿ."

ಸಾರ್ ಕೈಯಲ್ಲಿದ್ದ ಚಪಾತಿಯನ್ನು ಡಬ್ಬಿಗೆ ಇಟ್ಟು ಎದ್ದು ಬಂದರು. ಡ್ಯಾಶ್‌ಬೋರ್ಡ್ ತೆರೆಸಿ ಬೆರಳಿಟ್ಟು, ಇದೇನು, ಇದೇನು ಎಂದು ಕೇಳುತ್ತಾ ಹೋದರು. ಗೊತ್ತಿದ್ದದ್ದನ್ನು ಹೇಳಿದೆ. ಒಂದು ಕಡೆ ನಿಂತುಹೋದೆ. ಉದ್ದದ ಪದ, ಬಾಲ ಎಲ್ಲಿದೆಯೋ ತಲೆ ಎಲ್ಲಿದೆಯೋ.

"ಇದು?"

"ಗೊತ್ತಿಲ್ಲ ಸಾರ್."

"ಮತ್ತೆ? ಇದು ಬಂದ್ರೆ ಏನ್ಮಾಡ್ತೀಯಾ?"

"ಒತ್ತಲ್ಲ. ಕೇಳ್ತೀನಿ."

ಸಾರ್ ಪರದೆಯಿಂದ ಬೆರಳು ತೆಗೆದರು. "ಅವಳು ಆ ಖಾಲಿ ಇರೋ ಮೂರನೇ ಕಂಪ್ಯೂಟರ್‌ನಲ್ಲಿ ಕೂತ್ಕೊಳ್ಳಲಿ ಬಿಡು" ಎಂದು ಊಟಕ್ಕೆ ವಾಪಸ್ ಹೊರಟವರು ಬಾಗಿಲಲ್ಲಿ ತಿರುಗಿದರು. "ಅಲ್ಲಾ, ಹಂಗಾದ್ರೆ ಟೀ ಯಾರು ಮಾಡ್ತಾರೆ?"

"ಕೆಳಗೇ ಬೇಕರಿ ಇದೆ ಸಾರ್" ಎಂದಳು ಇಂದ್ರಾಣಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. "ನೀ ಅಂದೀ? ನೀ? ಸುಳ್ಳ ಹೇಳಬ್ಯಾಡ" ಎಂದ. ಅದರಲ್ಲಿ ಅಷ್ಟು ಆಶ್ಚರ್ಯ ಪಡುವಂಥದ್ದೇನಿದೆಯೋ ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಹೇಳಿದೆ, ಅಷ್ಟೇ.

ಜುಲೈ ೧, ಮಂಗಳವಾರ

ಪ್ರಿಯಾಂಕಾ ಬಂದಳು. ವಿಜಾಪುರದ ಕಡೆಯವಳು, ಇಲ್ಲೇ ತಾವರೆಕೆರೆಯ ಹತ್ತಿರ ಪಿಜಿಯಲ್ಲಿದ್ದಾಳೆ. ಡ್ಯಾಶ್‌ಬೋರ್ಡನ್ನು ಚಹಾ ಕುಡಿದು ಮುಗಿಸುವುದರೊಳಗೆ ಕಲಿತಳು. ಹೊಟ್ಟೆ ಉರಿಯಿತು. ಮಾತು ಮಾತ್ರ ನಮ್ಮ ಕಡೆಯದು, ಕೇಳಲು ಚೆಂದ. ಕೂತ ಕೂಡಲೇ ಕುರ್ಚಿಯ ಕೆಳಗೆ ಕೈ ಹಾಕಿ ಏನನ್ನೋ ಎಳೆದಳು, ಕುರ್ಚಿ ತಾನಾಗಿ ಇಳಿಯಿತು. ಹಾಗೆ ಆಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಹಳದಿ ಪಟ್ಟಿಯಲ್ಲಿ ಹೊಸ ಸುದ್ದಿ ಇತ್ತು. ಅವಳನ್ನು ಕೇಳಿದೆ. ಮುಂದಿನ ತಿಂಗಳು ಪುಟವನ್ನು ಇನ್ನಷ್ಟು ಬದಲಾಯಿಸುತ್ತಾರಂತೆ. ಇವರ ಮನೆ ಹಾಳಾಗ.

ಜುಲೈ ೨, ಬುಧವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿದ್ದೆ. ಈ ಕುರ್ಚಿಯಲ್ಲಿ ಮೊದಲಿದ್ದ ಹುಡುಗಿ ಎತ್ತರದವಳು. ಅವಳು ಬಿಟ್ಟುಹೋದ ಎತ್ತರದಲ್ಲೇ ಇಷ್ಟು ದಿನ ಕೂತು ದುಡಿದೆ, ಕಾಲು ಜೋತಾಡಿ ಸಂಜೆಗೆ ಜೋಮು ಹಿಡಿಯುತ್ತಿತ್ತು. ಕೆಳಗೆ ಕೈ ಹಾಕಿ ತಡಕಾಡಿದೆ. ಒಂದು ಕಬ್ಬಿಣದ ಕಡ್ಡಿ ಸಿಕ್ಕಿತು, ಎಳೆದೆ. ಕುರ್ಚಿ ಉಸ್ಸೆಂದು ಇಳಿಯಿತು. ಎರಡೂ ಪಾದ ನೆಲಕ್ಕೆ ತಾಗಿದವು. ಆಮೇಲೆ ಕಂಪ್ಯೂಟರ್ ಹಚ್ಚಿದೆ.